ತಪ್ಪಿದ ಗುಂಡು

ನಾನು ಗಾಜನೂರಿನವನೆಂದು ಹೇಳಿಕೊಂಡಾಗಲೆಲ್ಲ ಪರವೂರಿನವರ ಕಣ್ಣು ಒಂದು ಕ್ಷಣ ಅರಳುತ್ತದೆ. "ಹಾಗಾದರೆ ರಾಜಕುಮಾರರ ಊರು!" ಎನ್ನುತ್ತಾರೆ. ಅಲ್ಲವೆನ್ನಲು ನನಗೆ ಸಂಕಟ. ಹೌದೆಂದರೆ ಸುಳ್ಳುಗಾರನಾಗುವ ಭಯ. ವರನಟ ಡಾ. ರಾಜಕುಮಾರರ ಗಾಜನೂರು ಇರುವುದು ದೂರದ ತಾಳವಾಡಿಯ ಕಡೆ, ಈಗಿನ ತಮಿಳುನಾಡಿನ ಈರೋಡು ಜಿಲ್ಲೆಯಲ್ಲಿ. ನಮ್ಮದು ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ರಸ್ತೆಯಲ್ಲಿ, ತುಂಗೆಗೆ ಅಣೆಕಟ್ಟು ಕಟ್ಟಿರುವ ಗಾಜನೂರು. ನಮ್ಮಲ್ಲಿ ನೋಡತಕ್ಕದ್ದೆಂದರೆ ನೀರು. ಸ್ವಲ್ಪ ಆಚೆಗೆ ಸಕ್ರೆಬೈಲಿನ ಆನೆಗಳು. ಇಷ್ಟನ್ನು ವಿವರಿಸಿದಮೇಲೆ ಕೇಳಿದವರ ಮುಖದ ಕಳೆ ಇಳಿಯುವುದನ್ನು ಎಷ್ಟು ಸಲ ಕಂಡಿದ್ದೇನೋ ಲೆಕ್ಕವಿಲ್ಲ.

ಆದರೂ ಹೆಸರಿನ ಋಣ ದೊಡ್ಡದು. ಪಿಸ್ತೂಲೆಂಬ ವಸ್ತುವನ್ನು ನಾನು ಮೊದಲ ಬಾರಿಗೆ ಕಂಡದ್ದು ರಾಜಕುಮಾರರ ಕೈಯಲ್ಲಿಯೇ. 1968ರಲ್ಲಿ ತೆರೆಕಂಡ 'ಜೇಡರ ಬಲೆ', 'ಗೋವಾದಲ್ಲಿ ಸಿ.ಐ.ಡಿ. 999' ಎಂಬ ದೊರೈ-ಭಗವಾನ್ ಜೋಡಿಯ ಚಿತ್ರಗಳು ಟಿ.ವಿ.ಯಲ್ಲಿ ಬಂದಾಗಲೆಲ್ಲ ನಮ್ಮಜ್ಜಿ ಬಿಡದೆ ನೋಡುತ್ತಿದ್ದಳು. ಅವಳ ಮಗ್ಗುಲಲ್ಲಿ ಕುಳಿತು ನಾನೂ ನೋಡಿದೆ. ಸಿನಿಮಾದ ನಾಯಕರೆಲ್ಲರ ಪಿಸ್ತೂಲಿಗೂ ಒಂದು ಧರ್ಮವುಂಟು. ಅವರು ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತುವ ತೊಂದರೆ ತೆಗೆದುಕೊಳ್ಳುವುದಿಲ್ಲ. ಸೊಂಟದ ಬಳಿಯಿಂದಲೇ ಒಂದು ಸದ್ದು ಹೊರಟಿತೆಂದರೆ ಮಹಡಿಯ ಮೇಲಿದ್ದ ದುಷ್ಟನೊಬ್ಬ ಕೆಳಗೆ ಬೀಳುತ್ತಾನೆ. ದುಷ್ಟರಾದರೋ ಹತ್ತು ಮಂದಿ ಸೇರಿ ಸುರಿಮಳೆಗರೆದರೂ ಅವರ ಗುಂಡುಗಳು ನಾಯಕನ ಮೇಲೆ ಗೌರವವಿಟ್ಟು ಅಕ್ಕಪಕ್ಕದಲ್ಲಿ ಹಾದುಹೋಗುತ್ತವೆ.

ಆ ಇನ್ನೊಂದು ಗಾಜನೂರಿನ ಮಾತೆತ್ತಿದಮೇಲೆ ಇದನ್ನೂ ಹೇಳಿಬಿಡುತ್ತೇನೆ. 2000ನೇ ಇಸವಿಯ ಜುಲೈ 30ರ ರಾತ್ರಿ ಅಲ್ಲಿನ ಮನೆಗೆ ವೀರಪ್ಪನ್ ನಿಜವಾದ ಬಂದೂಕುಗಳೊಡನೆ ಬಂದ. ತೆರೆಯ ಮೇಲೆ ನೂರು ಪಿಸ್ತೂಲುಗಳನ್ನು ಗೆದ್ದವರು ಎದ್ದು ಅವನೊಡನೆ ಕಾಡಿಗೆ ನಡೆಯಬೇಕಾಯಿತು. 108 ದಿನಗಳ ಮೇಲೆ ಬಿಡುಗಡೆಯಾಯಿತು. ನಾನು ಹುಟ್ಟುವುದಕ್ಕೆ ಮುಂಚಿನ ಸಂಗತಿ. ಅದನ್ನು ಹೇಳುವಾಗ ಅಜ್ಜಿ ದನಿ ತಗ್ಗಿಸುತ್ತಿದ್ದಳು. "ಸಿನಿಮಾ ಬೇರೆ, ಜೀವ ಬೇರೆ ಮಗಾ" ಎಂಬುದು ಅವಳ ಟೀಕೆ. ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

2020ರಲ್ಲಿ ಕೊರೋನ ಬಂದು ಪಾಠಗಳೆಲ್ಲ ಫೋನಿನೊಳಗೆ ಸೇರಿಕೊಂಡವು. ನಮ್ಮ ಮನೆಯಲ್ಲಿ ಹೈಸ್ಕೂಲಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಹುಡುಗನ ಓದು ನಿಂತುಹೋದೀತೆಂದು ಅಪ್ಪ ಕರಾವಿನ ಹಸುವೊಂದನ್ನು ಮಾರಿ ಫೋನು ತೆಗೆಸಿಕೊಟ್ಟ. ಪಾಠಕ್ಕೆ ಸಿಗ್ನಲ್ ಬೇಕು. ಸಿಗ್ನಲ್ ಸಿಗುವುದು ಎತ್ತರದ ಏರಿಯ ಮೇಲೆ. ಆದಕಾರಣ ಊರಿನ ಹುಡುಗರೆಲ್ಲ ಅಲ್ಲಿ ಕೂಡುತ್ತಿದ್ದೆವು. ಹತ್ತು ಹುಡುಗರು ಹತ್ತು ಫೋನುಗಳೊಡನೆ ಒಂದೆಡೆ ಕೂಡಿದರೆ ಪಾಠ ಎಷ್ಟು ಹೊತ್ತು ನಡೆದೀತೆಂಬುದನ್ನು ಉಪನ್ಯಾಸಕ ಮಹಾಶಯರ ಊಹೆಗೇ ಬಿಡುತ್ತೇನೆ. ಹಸುವಿನ ಹಾಲು ಹೋಯಿತು, ಪಬ್‌ಜಿ ಬಂದಿತು.

ಈ ಆಟವನ್ನು ಅರಿಯದ ಹಿರಿಯರಿಗಾಗಿ ಎರಡು ಮಾತು. ನೂರು ಮಂದಿ ವಿಮಾನದಿಂದ ಧುಮುಕಿ, ಕೊಡೆ ಬಿಚ್ಚಿಕೊಂಡು ಒಂದು ದ್ವೀಪದ ಮೇಲೆ ಇಳಿಯುತ್ತಾರೆ. ಪಾಳುಮನೆಗಳಲ್ಲಿ ಹುಡುಕಿ ಕೈಗೆ ಸಿಕ್ಕಿದ ಆಯುಧವನ್ನು ಎತ್ತಿಕೊಳ್ಳಬೇಕು, ಒಬ್ಬರನ್ನೊಬ್ಬರು ಹೊಡೆಯಬೇಕು, ಕಡೆಗೆ ಉಳಿದವನು ಗೆದ್ದ. 2020ರ ಸೆಪ್ಟೆಂಬರ್ 2ರಂದು ನಮ್ಮ ಸರ್ಕಾರ ಅದನ್ನು ನಿಷೇಧಿಸಿತು. 2021ರ ಜುಲೈ 2ರಂದು ಅದು ಹೆಸರು ಬದಲಿಸಿ ಬಿ.ಜಿ.ಎಂ.ಐ. ಎಂದು ಬಂದಿತು. 2022ರ ಜುಲೈಯಲ್ಲಿ ಮತ್ತೆ ಮಾಯವಾಗಿ 2023ರ ಮೇ ತಿಂಗಳಿನಲ್ಲಿ ಮತ್ತೆ ಪ್ರತ್ಯಕ್ಷವಾಯಿತು. ಮದುವೆಯ ಮನೆಯಿಂದ ಮುನಿಸಿಕೊಂಡು ಹೊರಟು ಬಸ್‌ಸ್ಟಾಂಡಿನಿಂದ ಹಿಂದಿರುಗುವ ನೆಂಟನ ಹಾಗೆ. ಬರುವಾಗ ರಕ್ತದ ಬಣ್ಣವನ್ನು ಹಸಿರು ಮಾಡಿಕೊಂಡು ಬಂದಿತು. ಗುಂಡು ತಗುಲಿದವನ ಮೈಯಿಂದ ಗೋರಂಟಿ ಸೊಪ್ಪು ಅರೆದಂತೆ ಏನೋ ಚಿಮ್ಮುತ್ತದೆ, ಅಷ್ಟೆ.

ಉಳಿದವರು ಉದ್ದ ಬಂದೂಕುಗಳಿಗಾಗಿ ಹುಡುಕಾಡುವಾಗ ನಾನು ಇಳಿದ ಕೂಡಲೆ ಸಿಕ್ಕಿದ ಪಿಸ್ತೂಲನ್ನೇ ಹಿಡಿದು ಮುನ್ನುಗ್ಗುತ್ತಿದ್ದೆ. ಆ ಆಟದಲ್ಲಿ ಪಿ92, ಪಿ1911 ಎಂಬ ಪಿಸ್ತೂಲುಗಳಿವೆ. ಆರ್1895 ಎಂಬ ರಿವಾಲ್ವರಿದೆ. ಈ ಕೊನೆಯದು ನನ್ನ ಕೈಗೆ ಹೇಗೋ ಒಗ್ಗಿಹೋಯಿತು. ಏರಿಯ ಮೇಲಿನ ಮಿತ್ರಮಂಡಲಿ ನನಗೆ 'ರಿವಾಲ್ವರ್ ರಾಯ' ಎಂಬ ಬಿರುದನ್ನು ಕೊಟ್ಟಿತು. ಸುಳ್ಳೇಕೆ? ಎಸ್.ಎಸ್.ಎಲ್.ಸಿ. ಪಾಸಾದಾಗ ಆದದ್ದಕ್ಕಿಂತ ಹೆಚ್ಚು ಸಂತೋಷವಾಯಿತು. ಡಿಗ್ರಿ ಮುಗಿಸಿ ಪಿ.ಎಸ್.ಐ. ಪರೀಕ್ಷೆಗೆ ಕೂರಬೇಕೆಂಬ ಹಂಬಲ ಹುಟ್ಟಿದ್ದೂ ಆಗಲೇ. ಕಾರಣವೇನೆಂದು ಅಪ್ಪನಿಗೆ ಹೇಳಲಿಲ್ಲ. ಅಪ್ಪ ಮಾತ್ರ ಅಂದಿನಿಂದ ಊರಲ್ಲಿ ಎದುರಾದವರಿಗೆಲ್ಲ "ನಮ್ಮವ ಸಬ್ ಇನ್‌ಸ್ಪೆಕ್ಟರಾಗ್ತಾನೆ" ಎಂದು ಹೇಳಿಕೊಂಡು ಬಂದ.

ಈಗ ಪಿಸ್ತೂಲಿನ ಗುರಿಯ ವಿಚಾರ. ಆಟದ ಪರದೆಯ ನಡುವೆ ನಾಲ್ಕು ಚಿಕ್ಕ ಗೆರೆಗಳು ಒಂದು ಬಿಂದುವಿನ ಕಡೆ ಮುಖಮಾಡಿ ನಿಂತಿರುತ್ತವೆ. ಓಡಿದರೆ, ಹಾರಿದರೆ ಅವು ಕೊಡೆಯಂತೆ ಅಗಲವಾಗುತ್ತವೆ. ಕುಕ್ಕರಿಸಿ ಕುಳಿತರೆ ಮುಚ್ಚಿಕೊಳ್ಳುತ್ತವೆ. ಆ ಗೆರೆಗಳ ನಡುವಣ ಬಯಲಿನಲ್ಲಿ ಗುಂಡು ಎಲ್ಲಿಗೆ ಹೋಗಬೇಕೆಂಬುದನ್ನು ಯಂತ್ರ ಚೀಟಿ ಎತ್ತಿ ತೀರ್ಮಾನಿಸುತ್ತದೆ. ಇದು ಹಳೆಯ ಪದ್ಧತಿಯಂತೆ. 1993ರ 'ಡೂಮ್' ಎಂಬ ಆಟದಲ್ಲಿ ಪಿಸ್ತೂಲಿನ ಮೊದಲ ಗುಂಡು ನೂಲು ಹಿಡಿದಂತೆ ನೇರವಾಗಿ ಹೋಗುತ್ತಿತ್ತು. ಬಿಡದೆ ಹೊಡೆದರೆ ಮುಂದಿನವು ಚೆದರುತ್ತಿದ್ದವು. 2001ರ 'ಹೇಲೋ' ಎಂಬ ಆಟದಲ್ಲಿ ಪಿಸ್ತೂಲಿಗೆ ದುರ್ಬೀನು ಬೇರೆ ಇಟ್ಟು, ಅದು ದೊಡ್ಡ ಬಂದೂಕುಗಳನ್ನೇ ನಾಚಿಸುವಂತಾಗಿತ್ತು. ಇದರಿಂದ ನನಗೆ ತಿಳಿದುಬಂದದ್ದು ಇಷ್ಟು: ಆಟದ ಪಿಸ್ತೂಲಿನ ಗುರಿಯೆಂಬುದು ಅಂಗಡಿಯವನು ಬರೆದಿಟ್ಟ ದರ. ಎಲ್ಲರೂ ಪಿಸ್ತೂಲನ್ನೇ ಹಿಡಿದರೆ ಮಿಕ್ಕ ಸರಕು ಖರ್ಚಾಗುವುದಿಲ್ಲ; ಆದ್ದರಿಂದ ಅದರ ಗುರಿಯನ್ನು ಇಷ್ಟಿಷ್ಟು ಕೆಡಿಸಿಡುತ್ತಾರೆ. ಫೋನಿನಲ್ಲಿ ಆಡುವವರಿಗೆ ಇನ್ನೊಂದು ಉಪಕಾರವುಂಟು. ಹೆಬ್ಬೆರಳು ಗುರಿಯ ಹತ್ತಿರ ಬಂದರೆ ಸಾಕು, ಯಂತ್ರವೇ ಕೈಹಿಡಿದು ಗುರಿಯ ಮೇಲೆ ಕೂರಿಸುತ್ತದೆ, ಅಕ್ಷರಾಭ್ಯಾಸದ ದಿನ ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ಬರೆಸಿದ ಹಾಗೆ.

ಇದೊಂದನ್ನೂ ಅರಿಯದ ಕಾಲದಲ್ಲಿ ನಾನು ಕೋಟೆ ಮಾರಿಕಾಂಬೆಯ ಜಾತ್ರೆಗೆ ಹೋದೆ. ಶಿವಮೊಗ್ಗದ ಈ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುವಂಥದು. ಅಲ್ಲಿಗೆ ಹೋಗದವರು ಈ ಕಾಲೇಜಿನಲ್ಲಿ ಯಾರೂ ಇರಲಾರರು. ಬಲೂನು ಹೊಡೆಯುವ ಅಂಗಡಿಯೊಂದರಲ್ಲಿ ಗಾಳಿಬಂದೂಕುಗಳ ಜೊತೆಗೆ ಗಾಳಿಪಿಸ್ತೂಲೂ ಒಂದಿತ್ತು. ಮಿತ್ರರು "ರಾಯರೇ, ಅಪ್ಪಣೆಯಾಗಲಿ" ಎಂದರು. ಹತ್ತು ಗುಂಡಿಗೆ ಹಣ ತೆತ್ತೆ. ಹಲಗೆಯ ಮೇಲೆ ಬಲೂನುಗಳು ಹಲಸಿನ ತೊಳೆಗಳಂತೆ ಒತ್ತಾಗಿದ್ದವು. ದೂರವೆಂದರೆ ನಾಲ್ಕು ಮಾರು ಇದ್ದೀತು. ಕೆಂಪು ಬಲೂನಿಗೆ ಗುರಿಯಿಟ್ಟೆ. ಹಸಿರು ಬಲೂನು ಒಡೆಯಿತು. ಮಿತ್ರರು ಚಪ್ಪಾಳೆ ತಟ್ಟಿದರು. ಹಳದಿಗೆ ಇಟ್ಟೆ, ಅದರ ಕೆಳಗಿನ ನೀಲಿ ಹೋಯಿತು. ಮತ್ತೆ ಚಪ್ಪಾಳೆ. ಹತ್ತರಲ್ಲಿ ಏಳು ಬಲೂನುಗಳು ಒಡೆದವು. ನಾನು ಮನಸ್ಸಿನಲ್ಲಿ ಗೊತ್ತುಮಾಡಿಕೊಂಡದ್ದು ಒಂದೂ ಒಡೆಯಲಿಲ್ಲ. ಅಂಗಡಿಯವನು "ಒಳ್ಳೇ ಕೈ ಸಾರ್" ಎಂದು ಒಂದು ಬಾಚಣಿಗೆಯನ್ನು ಬಹುಮಾನ ಕೊಟ್ಟ. ಎಲ್ಲರೆದುರು ಅದನ್ನು ಸ್ವೀಕರಿಸಿದೆ. ಮನೆಗೆ ಬರುವ ಬಸ್ಸಿನಲ್ಲಿ ಆ ಬಾಚಣಿಗೆ ಜೇಬಿನೊಳಗೆ ಚುಚ್ಚುತ್ತಲೇ ಇತ್ತು.

ಅಂಗಡಿಯ ಪಿಸ್ತೂಲಿನ ಮೊನೆ ವಕ್ರವೆಂದು ಸಮಾಧಾನ ಮಾಡಿಕೊಳ್ಳಬಹುದಾಗಿತ್ತು, ಮಾಡಿಕೊಂಡೆ ಕೂಡ. ಅನಂತರ ಎನ್.ಸಿ.ಸಿ. ಶಿಬಿರ ಬಂದಿತು. ಅಲ್ಲಿ .22 ರೈಫಲಿನಿಂದ ಗುರಿ ಹೊಡೆಸುತ್ತಾರೆ. ಕೆಂಪು ಬಾವುಟ ಏರಿಸಿದ್ದರು. ಗುರಿಹಲಗೆಗಳ ಹಿಂದೆ ಎತ್ತರವಾದ ಮಣ್ಣಿನ ದಿಬ್ಬ. ಬೋರಲು ಮಲಗಿ, ರೈಫಲನ್ನು ಭುಜಕ್ಕೆ ಆನಿಸಿ, ಉಸಿರು ಹಿಡಿದು ಐದು ಗುಂಡು ಹೊಡೆದೆ. ಐದೂ ಒಂದು ಅಂಗೈಯಗಲದೊಳಗೆ ಬಿದ್ದವು. ಹವಾಲ್ದಾರರು ತಲೆಯಾಡಿಸಿದರು. ನನ್ನ ಬಿರುದು ಮರಳಿ ಬಂದಂತಾಯಿತು. ಆದರೆ ಆ ದಿನ ನನ್ನ ನೆನಪಿನಲ್ಲಿ ಉಳಿದಿರುವುದು ಅದಕ್ಕಲ್ಲ. ಕೊಟ್ಟ ತೋಟೆಗಳನ್ನು ಎಣಿಸಿ ಕೊಡುತ್ತಾರೆ, ಹೊಡೆದಾದಮೇಲೆ ಖಾಲಿ ತೋಟೆಗಳನ್ನು ಎಣಿಸಿ ವಾಪಸು ತೆಗೆದುಕೊಳ್ಳುತ್ತಾರೆ. ಆವೊತ್ತು ಒಂದು ಖಾಲಿ ತೋಟೆ ಕಡಿಮೆಯಾಯಿತು. ಹೊಟ್ಟೆ ಹಸಿದ ಹುಡುಗರೆಲ್ಲ ಸಾಲಾಗಿ ಮೊಣಕಾಲೂರಿ ಹುಲ್ಲನ್ನು ಬೆರಳಿನಿಂದ ಸೀಳಿ ಸೀಳಿ ಹುಡುಕಿದೆವು. ಸಂಜೆ ಬೆಳಕು ಆರುವ ಹೊತ್ತಿಗೆ ಒಬ್ಬ ಕೆಡೆಟ್ಟಿನ ಬೂಟಿನ ಕೆಳಗೆ, ಮಣ್ಣಿನಲ್ಲಿ ಹೂತುಕೊಂಡಿದ್ದದ್ದು ಸಿಕ್ಕಿತು. ಕಿರುಬೆರಳಿನ ಉಗುರಿನಷ್ಟಗಲವಿಲ್ಲದ ಹಿತ್ತಾಳೆಯ ಚೂರು! ದ್ವೀಪದ ಪಾಳುಮನೆಗಳಲ್ಲಿ ನೂರು ನೂರಾಗಿ ತೋಟೆಗಳನ್ನು ಬಾಚಿಕೊಂಡವನಿಗೆ ಇದು ಹುಚ್ಚಾಟವೆಂದೇ ತೋರಿತು.

ರೈಫಲು ಒಲಿಯಿತು, ಪಿಸ್ತೂಲು ಒಲಿಯಲಿಲ್ಲ, ಇದೇಕೆ? ಕೇಳಲು ನಮ್ಮೂರಿನಲ್ಲಿ ಒಬ್ಬರೇ ಇದ್ದರು. ಪೊಲೀಸ್ ಇಲಾಖೆಯಲ್ಲಿ ಕಾನ್‌ಸ್ಟೇಬಲಾಗಿ ಸೇರಿ ಎ.ಎಸ್.ಐ. ಆಗಿ ನಿವೃತ್ತರಾಗಿ, ಈಗ ಒಂದಿಷ್ಟು ಅಡಿಕೆ ಮಾಡಿಕೊಂಡಿರುವವರು. ನೆಂಟಸ್ತಿಕೆ ಇಲ್ಲದಿದ್ದರೂ ಊರ ಹುಡುಗರಿಗೆಲ್ಲ ಅವರು ಪೊಲೀಸ್ ಮಾವ. ನನ್ನ ಪ್ರಶ್ನೆಯನ್ನು ಕೇಳಿ ಅವರು ಮಾತನಾಡಲಿಲ್ಲ. ಒಳಗಿನಿಂದ ಒಂದು ಹಿತ್ತಾಳೆ ಚೊಂಬಿನಲ್ಲಿ ಕಂಠಪೂರ್ತಿ ನೀರು ತಂದರು.

"ಒಂದೇ ಕೈಲಿ ಹಿಡ್ಕೊ. ಕೈ ಮುಂದೆ ಚಾಚು. ನೀರು ಅಲುಗಬಾರದು."

ಇಪ್ಪತ್ತು ಎಣಿಸುವುದರೊಳಗೆ ನೀರಿನ ಮೇಲೆ ಸಣ್ಣ ಸಣ್ಣ ಬಳೆಗಳು ಎದ್ದವು. ಮೂವತ್ತಕ್ಕೆ ತುಳುಕಿತು.

"ಪಿಸ್ತೂಲೂ ಹೆಚ್ಚುಕಡಿಮೆ ಇಷ್ಟೇ ಭಾರ ಇರ್ತದೆ ಮಾರಾಯ. ಅದರಲ್ಲಿ ನೀರಿಲ್ಲ, ಅದಕ್ಕೇ ನಡುಕ ಕಾಣೋದಿಲ್ಲ" ಎಂದರು.

ಮುಂದೆ ಅವರು ಹೇಳಿದ್ದನ್ನೂ ನಾನು ಮನೆಗೆ ಬಂದು ಲೆಕ್ಕ ಹಾಕಿದ್ದನ್ನೂ ಒಟ್ಟಿಗೆ ಬರೆಯುತ್ತೇನೆ. ಕಲಾ ವಿಭಾಗದವನಾದರೂ ಸಮರೂಪ ತ್ರಿಭುಜಗಳು ನನಗೆ ಇನ್ನೂ ಮರೆತಿಲ್ಲ. ಪಿಸ್ತೂಲಿನ ಬೆನ್ನಿನ ಮೇಲೆ ಹಿಂದುಗಡೆ ಒಂದು ಕಚ್ಚು, ಮುಂದುಗಡೆ ಒಂದು ಮೊಳೆ. ಎರಡರ ನಡುವೆ ಸುಮಾರು 16 ಸೆಂಟಿಮೀಟರು. ಕಚ್ಚಿನ ನಡುವೆ ಮೊಳೆ ಕಾಣುವಂತೆ ಹಿಡಿಯುವುದೇ ಗುರಿ. ಆ ಮೊಳೆ ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ 10 ಮೀಟರ್ ದೂರದಲ್ಲಿ ಗುಂಡು 6 ಸೆಂಟಿಮೀಟರಿಗೂ ಹೆಚ್ಚು ಪಕ್ಕಕ್ಕೆ ಹೋಗುತ್ತದೆ. 25 ಮೀಟರಿಗೆ 15 ಸೆಂಟಿಮೀಟರಿಗೂ ಹೆಚ್ಚು. ಮೊಳೆ ಸುಮಾರು ಒಂದು ರೂಪಾಯಿ ನಾಣ್ಯದ ದಪ್ಪದಷ್ಟು ಸರಿದರೆ, ಹತ್ತು ಮೀಟರಿನಲ್ಲಿ ನಿಂತ ಮನುಷ್ಯನ ತೊಡೆಯ ನಡುವಿಗೆ ಇಟ್ಟ ಗುರಿ ತೊಡೆಯನ್ನೇ ಬಿಟ್ಟು ಹೋಗುತ್ತದೆ. ರೈಫಲಿಗೆ ಉದ್ದವಿದೆ, ಅದನ್ನು ಹೊರಲು ಭುಜವಿದೆ, ಮಲಗಿದರೆ ಭೂಮಿಯೇ ಇದೆ. ಪಿಸ್ತೂಲಿಗೆ ಇರುವುದು ಮಣಿಕಟ್ಟು ಮಾತ್ರ. ಸಾಲದ್ದಕ್ಕೆ ಮನುಷ್ಯನ ಕಣ್ಣು ಏಕಕಾಲದಲ್ಲಿ ಕಚ್ಚನ್ನೂ ಮೊಳೆಯನ್ನೂ ದೂರದ ಗುರಿಯನ್ನೂ ಸ್ಪಷ್ಟವಾಗಿ ನೋಡಲಾರದು. ಮೊಳೆಯನ್ನು ನೋಡು, ಗುರಿ ಮಂಜಾದರೆ ಆಗಲಿ ಎಂಬುದು ಅವರು ಕಲಿತ ಪಾಠ. ಇಷ್ಟಾದಮೇಲೂ ಟ್ರಿಗರ್ ಎಳೆಯುವ ಬೆರಳೊಂದಿಗೆ ಮುಷ್ಟಿಯೆಲ್ಲ ಬಿಗಿಯುತ್ತದೆ. ಸದ್ದಿಗೆ ಹೆದರುವ ಕೈ ಸದ್ದಾಗುವ ಮುಂಚೆಯೇ ಕೆಳಗೆ ಬಾಗುತ್ತದೆ. ವಿಚಿತ್ರವೆಂದರೆ ಪಿಸ್ತೂಲಿನ ತಪ್ಪು ಇದರಲ್ಲಿ ಬಹಳ ಕಡಿಮೆ. ಒಳ್ಳೆಯ ಪಿಸ್ತೂಲನ್ನು ಕಬ್ಬಿಣದ ಚೌಕಟ್ಟಿಗೆ ಬಿಗಿದು ಹೊಡೆದರೆ 25 ಮೀಟರಿನಲ್ಲಿಯೂ ಗುಂಡುಗಳು ಅಂಗೈಯಗಲದಲ್ಲಿ ಬೀಳುತ್ತವೆ. ಆಟದವರು ತಪ್ಪನ್ನು ಪಿಸ್ತೂಲಿನ ಒಳಗೆ ಇಟ್ಟಿದ್ದಾರೆ. ಅದು ಇರುವುದು ಹಿಡಿದವನ ಒಳಗೆ.

ಹಾಗಾದರೆ ಹೊಡೆಯಬಲ್ಲವರು ಇಲ್ಲವೆ? ಇದ್ದಾರೆ. ಬೆಂಗಳೂರಿನ ಪ್ರಕಾಶ್ ನಂಜಪ್ಪನವರು 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ 10 ಮೀಟರ್ ಗಾಳಿಪಿಸ್ತೂಲಿನಲ್ಲಿ ಬೆಳ್ಳಿಯ ಪದಕ ಪಡೆದು, 2016ರಲ್ಲಿ ರಿಯೋ ಒಲಿಂಪಿಕ್ಸಿಗೂ ಹೋಗಿಬಂದರು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮನು ಭಾಕರ್ ಅದೇ ದೂರಕ್ಕೆ ಕಂಚು ಗೆದ್ದುದನ್ನು ನಾವೆಲ್ಲ ಫೋನಿನಲ್ಲಿ ನೋಡಿದೆವು. ಆ ಹಲಗೆಯ ಮೇಲೆ ಹತ್ತು ಅಂಕದ ವೃತ್ತಕ್ಕೆ 11.5 ಮಿಲಿಮೀಟರ್ ಅಗಲ, ಅಂಗಿಯ ಗುಂಡಿಯಷ್ಟು. ಆದರೆ ಅವರು ಅರುವತ್ತು ಗುಂಡಿಗೆ 75 ನಿಮಿಷದ ಕಾಲಾವಕಾಶ ಪಡೆದವರು. ಪಿಸ್ತೂಲನ್ನು ಎತ್ತುತ್ತಾರೆ, ಮನಸ್ಸು ಒಪ್ಪದಿದ್ದರೆ ಇಳಿಸುತ್ತಾರೆ, ಮತ್ತೆ ಎತ್ತುತ್ತಾರೆ. ಎದುರಿಗಿನ ಹಲಗೆ ಅವರ ಮೇಲೆ ಓಡಿಬರುವುದಿಲ್ಲ.

ಓಡಿಬಂದರೆ ಏನಾಗುತ್ತದೆಂಬುದಕ್ಕೂ ಲೆಕ್ಕವಿದೆ. ಅಮೆರಿಕದ ನ್ಯೂಯಾರ್ಕ್ ನಗರದ ಪೊಲೀಸರು 1998ರಿಂದ 2006ರವರೆಗೆ ಹಾರಿಸಿದ ಗುಂಡುಗಳನ್ನು ರ‍್ಯಾಂಡ್ ಎಂಬ ಸಂಸ್ಥೆ ಪರಿಶೀಲಿಸಿ 2008ರಲ್ಲಿ ವರದಿ ಕೊಟ್ಟಿತು. ಎದುರಾಳಿಯೂ ಗುಂಡು ಹಾರಿಸುತ್ತಿದ್ದಾಗ ಪೊಲೀಸರ ಗುಂಡುಗಳಲ್ಲಿ ಗುರಿ ಮುಟ್ಟಿದ್ದು ನೂರಕ್ಕೆ 18. ಎದುರಾಳಿ ಹಾರಿಸದಿದ್ದಾಗ ನೂರಕ್ಕೆ 30. ಅವರೇನು ಬಾಚಣಿಗೆ ಗೆದ್ದವರಲ್ಲ. ತರಬೇತಿ ಪಡೆದು ಸಂಬಳ ತೆಗೆದುಕೊಳ್ಳುವವರು.

ಇದನ್ನು ಓದಿದ ರಾತ್ರಿ ನನಗೆ ಒಂದು ಕುಚೋದ್ಯದ ಬುದ್ಧಿ ಹುಟ್ಟಿತು. ಆಟದೊಳಗೆ ಪ್ರತಿಯೊಬ್ಬನ ಖಾತೆಯಲ್ಲಿ ಅವನ ಸಾಧನೆಯ ಅಂಕಿಗಳಿರುತ್ತವೆ. ಎಷ್ಟು ಪಂದ್ಯ, ಎಷ್ಟು ಗೆಲುವು ಎಂಬುದನ್ನು ನಾನು ದಿನಕ್ಕೆ ಹತ್ತು ಸಲ ನೋಡುತ್ತಿದ್ದೆ. ಗುರಿಯ ನಿಖರತೆ ಎಂಬ ಸಾಲನ್ನು ಎಂದೂ ನೋಡಿರಲಿಲ್ಲ. ಪಿಸ್ತೂಲನ್ನು ಬಂದೂಕನ್ನು ಎಲ್ಲ ಸೇರಿಸಿದ ಲೆಕ್ಕ ಅದು. ನೋಡಿದೆ. ನೂರಕ್ಕೆ 17.

ನಾನು ಬಹಳ ಹೊತ್ತು ಆ ಅಂಕಿಯನ್ನು ನೋಡುತ್ತ ಕುಳಿತೆ. ಆಟ ಸುಳ್ಳು ಹೇಳುತ್ತದೆಂದು ತೋರಿಸಲು ಹೊರಟಿದ್ದೆ. ಅದು ನ್ಯೂಯಾರ್ಕಿನ ಪೊಲೀಸರಿಗೆ ನನ್ನನ್ನು ಹೆಚ್ಚುಕಡಿಮೆ ಸಮನಾಗಿ ಕೂರಿಸಿತ್ತು. ರಿವಾಲ್ವರ್ ರಾಯನ ನೂರು ಗುಂಡುಗಳಲ್ಲಿ 83 ತಪ್ಪಿದ್ದವು. ಆದರೆ ಆ 83ರಲ್ಲಿ ಒಂದಾದರೂ ನನ್ನ ನೆನಪಿನಲ್ಲಿ ಇದೆಯೆ? ಗೋಡೆಯ ಮೇಲೆ ಒಂದು ಚುಕ್ಕೆ, ಒಂದು ಕಿಡಿ, ಸ್ವಲ್ಪ ಧೂಳು. ಅದೂ ಅರೆಕ್ಷಣದಲ್ಲಿ ಅಳಿಸಿಹೋಗುತ್ತದೆ. ತಗುಲಿದ 17ಕ್ಕೆ ಮಾತ್ರ ಸದ್ದು, ಬಣ್ಣ, ಅಂಕ, ಬಿರುದು.

ಮರುದಿನ ಈ ತಮಾಷೆಯನ್ನು ಹೇಳಲು ಪೊಲೀಸ್ ಮಾವನ ಮನೆಗೆ ಹೋದೆ. ಅವರು ನಗಲಿಲ್ಲ. ಅಡಿಕೆ ಸುಲಿಯುತ್ತ ಕುಳಿತಿದ್ದವರು ಕತ್ತಿಯನ್ನು ಕೆಳಗಿಟ್ಟರು.

"ತಪ್ಪಿದ್ದು ಎಲ್ಲಿಗೆ ಹೋಗ್ತದೆ?" ಎಂದು ಕೇಳಿದರು.

"ಎಲ್ಲಿಗೂ ಇಲ್ಲ ಮಾವ. ಆಟ ತಾನೆ."

ಆಮೇಲೆ ಅವರು ಹೇಳಿದ್ದನ್ನು ಅವರ ಅಪ್ಪಣೆ ಪಡೆದು ಬರೆಯುತ್ತಿದ್ದೇನೆ. ಊರಿನ ಹೆಸರು ಬೇಡವೆಂದರು. ಸುಮಾರು ಇಪ್ಪತ್ತು ವರ್ಷದ ಹಿಂದೆ, ಬಯಲುಸೀಮೆಯ ಕಡೆ ಅವರು ಕೆಲಸದಲ್ಲಿದ್ದಾಗ, ತಲೆತಪ್ಪಿಸಿಕೊಂಡ ಒಬ್ಬನನ್ನು ಹಿಡಿಯಲು ರಾತ್ರಿ ಹೋಗಿದ್ದರಂತೆ. ಅವನು ಮಚ್ಚು ಹಿಡಿದು ಮೇಲೆ ಬಿದ್ದ. "ಈ ಜಗಲಿಯಿಂದ ಆ ತುಳಸಿಕಟ್ಟೆಯಷ್ಟೂ ದೂರ ಇರಲಿಲ್ಲ." ಮೂರು ಗುಂಡು ಹೊಡೆದರು. ಮೊದಲನೆಯದು ನೆಲಕ್ಕೆ ಹೋಯಿತು. ಮೂರನೆಯದು ಅವನ ತೊಡೆಗೆ ತಗುಲಿ ಅವನು ಬಿದ್ದ; ಬದುಕಿದ, ಜೈಲಿಗೆ ಹೋದ. "ತೊಡೆಗೇ ಗುರಿ ಇಟ್ಟಿದ್ರಾ ಮಾವ?" ಎಂದೆ. "ಗುರಿ ಎಲ್ಲಿ ಬಂತೋ? ಆ ಮೊಳೆ ಕಂಡದ್ದೂ ನನಗೆ ನೆನಪಿಲ್ಲ. ಕಣ್ಣು ತೆರೆದಿತ್ತೋ ಮುಚ್ಚಿತ್ತೋ ದೇವರಿಗೇ ಗೊತ್ತು" ಎಂದರು.

ಎರಡನೆಯ ಗುಂಡು ಬೆಳಗಾದಮೇಲೆ ಸಿಕ್ಕಿತು. ಬೀದಿಯಾಚೆಯ ಮನೆಯೊಂದರ ಕಿಟಕಿಯ ಹಲಗೆಯನ್ನು ತೂರಿ ಒಳಗಿನ ಮಣ್ಣುಗೋಡೆಯಲ್ಲಿ ಹೂತಿತ್ತು. ಅದರ ಕೆಳಗೆ ಒಂದು ಗೇಣಿನಷ್ಟು ಬಿಟ್ಟು ತೊಟ್ಟಿಲು. ತೊಟ್ಟಿಲಲ್ಲಿ ಎಂಟು ತಿಂಗಳ ಹೆಣ್ಣುಕೂಸು. ಪಂಚನಾಮೆಯಲ್ಲಿ ಗೋಡೆಯಿಂದ ಒಂದು ಗುಂಡು ತೆಗೆದದ್ದಾಗಿ ಬರೆದುಕೊಂಡರು, ಅಷ್ಟೆ. ಮೂರನೆಯ ಗುಂಡಿಗಾಗಿ ಮಾವನಿಗೆ ನಗದು ಬಹುಮಾನ ಬಂದಿತು. ಎರಡನೆಯದರ ಮಾತನ್ನು ಯಾರೂ ಎತ್ತಲಿಲ್ಲ. ಒಂದು ದಿನ ಮಫ್ತಿಯಲ್ಲಿ, ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡು ಅವರು ಆ ಮನೆಗೆ ಹೋದರಂತೆ. ಕೂಸಿನ ತಾಯಿ ಕಾಫಿ ಕೊಟ್ಟಳು. ಏನು ಹೇಳಬೇಕೆಂದು ಅವಳಿಗೂ ತೋಚಲಿಲ್ಲ, ಇವರಿಗೂ ತೋಚಲಿಲ್ಲ. ಗೋಡೆಯ ತೂತಿಗೆ ಆಗಲೇ ಸಗಣಿ ಮೆತ್ತಿ ಸಾರಿಸಿದ್ದರು.

"ಆ ಹುಡುಗಿಗೆ ಈಗ ನಿನ್ನ ವಯಸ್ಸು. ಎಲ್ಲೋ ಕಾಲೇಜಿಗೆ ಹೋಗ್ತಿರಬಹುದು" ಎಂದು ಮಾವ ಮತ್ತೆ ಕತ್ತಿಯನ್ನು ಎತ್ತಿಕೊಂಡರು.

ನಮ್ಮ ಪತ್ರಿಕೆಗಳಲ್ಲಿ ಒಂದು ಬಗೆಯ ಸುದ್ದಿ ಆಗಾಗ್ಗೆ ಬರುವುದನ್ನು ನೀವೂ ಓದಿರುತ್ತೀರಿ. ಆರೋಪಿ ಪೊಲೀಸರ ಮೇಲೆ ಹಲ್ಲೆಗೆ ಯತ್ನಿಸಿದ. ಗಾಳಿಯಲ್ಲಿ ಗುಂಡು ಹಾರಿಸಿ ಎಚ್ಚರಿಸಿದರೂ ಕೇಳಲಿಲ್ಲ. ಆತ್ಮರಕ್ಷಣೆಗಾಗಿ ಕಾಲಿಗೆ ಗುಂಡು. ಹಿಂದೆ ನಾನು ಇಂಥ ಸುದ್ದಿಯನ್ನು ನಾಲಗೆ ಚಪ್ಪರಿಸಿಕೊಂಡು ಓದುತ್ತಿದ್ದೆ. ಕಾಲಿಗೆ ಹೊಡೆಯುವುದೇನು ಮಹಾ, ದ್ವೀಪದಲ್ಲಿ ನಾವು ಕಾಲಿಗೆ ಹೊಡೆದರೆ ಗುಂಡು ದಂಡವೆಂದು ತಲೆಗೇ ಹೊಡೆಯುವವರು! ಈಗ ಕಾಲೆಂಬ ಮಾತಿನ ಬಳಿ ಒಂದು ರೂಪಾಯಿ ನಾಣ್ಯದ ದಪ್ಪ ನೆನಪಾಗುತ್ತದೆ. ಹೊಡೆದವರು ಹೇಗೆ ಹೊಡೆದರೋ ನಾನರಿಯೆ. ಮಾವನ ಕೈಯನ್ನೂ ನನ್ನ ಕೈಯನ್ನೂ ಮಾತ್ರ ಬಲ್ಲೆ. ಆದರೆ ಅದಕ್ಕಿಂತ ಹೆಚ್ಚಾಗಿ ನಾನು ನಿಲ್ಲುವುದು 'ಗಾಳಿಯಲ್ಲಿ' ಎಂಬ ಪದದ ಬಳಿ. ನಾವು ಶಿಬಿರದಲ್ಲಿ ಹೊಡೆದ .22ರ ಪುಟಾಣಿ ಗುಂಡೇ ಒಂದು ಮೈಲಿಗೂ ಮೀರಿ ಹೋಗಬಲ್ಲದು. ದಿಬ್ಬ ಕಟ್ಟುವುದೂ ಬಾವುಟ ಏರಿಸುವುದೂ ಅದಕ್ಕಾಗಿಯೇ. ಗಾಳಿಗೆ ಹಾರಿಸಿದ್ದು ಗಾಳಿಯಲ್ಲೇ ಉಳಿಯುವುದಿಲ್ಲ. ಯಾರದೋ ಹೆಂಚಿನ ಮೇಲೋ, ಗದ್ದೆಯಲ್ಲೋ, ತುಂಗೆಯಲ್ಲೋ ಇಳಿಯಲೇಬೇಕು.

ಇಲ್ಲಿ ನನ್ನ ಅಜ್ಜನ ಮಾತು ಬರುತ್ತದೆ. ಅಜ್ಜನಿಗೆ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಇದ್ದ ಒಂಟಿ ನಳಿಗೆಯ ಕೋವಿಯಿತ್ತು. ಚುನಾವಣೆ ಬಂದಾಗಲೆಲ್ಲ ಅದನ್ನು ಗೋಣಿತಾಟಿನಲ್ಲಿ ಸುತ್ತಿ ಠಾಣೆಗೆ ಒಪ್ಪಿಸಿ, ರಸೀತಿಯನ್ನು ಟ್ರಂಕಿನಲ್ಲಿ ಜೋಪಾನ ಮಾಡುತ್ತಿದ್ದ. ನಾನು ಚಿಕ್ಕವನಾಗಿದ್ದಾಗ ಒಂದು ರಾತ್ರಿ ಹಂದಿಗಳು ತೆನೆಗಟ್ಟಿದ ಗದ್ದೆಗೆ ನುಗ್ಗಿದವು. ಅಜ್ಜ ಕೋವಿ ಹಿಡಿದು ಬದುವಿನ ಮೇಲೆ ನಿಂತ. ನಾನು ಅವನ ಹಿಂದೆ ಬ್ಯಾಟರಿ ಹಿಡಿದಿದ್ದೆ. ಹಂದಿ ಬೆಳಕಿನಲ್ಲಿ ಸ್ಪಷ್ಟವಾಗಿ ಕಂಡಿತು. ಅಜ್ಜ ಈಡು ಹಾರಿಸಲಿಲ್ಲ. ಹಂದಿ ಆಚೆ ಸರಿಯಿತು, ಈಚೆ ಬಂದಿತು, ಅರ್ಧ ಗದ್ದೆಯನ್ನು ಹೊರಳಾಡಿ ಹಾಳುಮಾಡಿ ಹೋಯಿತು. ಅಜ್ಜ ಕೋವಿಯನ್ನು ಇಳಿಸಿದ. ಮನೆಯಲ್ಲಿ ಅಜ್ಜಿ ಬೈದದ್ದಕ್ಕೆ ಮಿತಿಯಿಲ್ಲ. ಅಜ್ಜ ಹೇಳಿದ್ದು ಒಂದೇ ಮಾತು: "ದರೆಗೆ ಬೆನ್ನು ಕೊಟ್ಟು ನಿಲ್ಲಲಿಲ್ಲ." ಹಂದಿಯ ಹಿಂದೆ ದರೆಯ ಮಣ್ಣಿರಬೇಕು, ಇಲ್ಲವಾದರೆ ಅದರಾಚೆಗೆ ರಸ್ತೆ, ರಸ್ತೆಯಾಚೆಗೆ ಮನೆಗಳು. ನನಗೆ ಆವೊತ್ತು ಅಜ್ಜ ಹೇಡಿಯೆನಿಸಿದ. ಶಾಲೆಯಲ್ಲಿ ಹುಡುಗರ ಎದುರಿಗೆ, ಅಜ್ಜ ಒಂದೇ ಈಡಿಗೆ ಹಂದಿಯನ್ನು ಕೆಡವಿದನೆಂದು ಸುಳ್ಳು ಹೇಳಿದೆ. ಅಜ್ಜ ಈಗಿಲ್ಲ, ಕೋವಿಯೂ ಇಲ್ಲ. ಟ್ರಂಕಿನಲ್ಲಿ ಹಳೆಯ ರಸೀತಿಗಳು ಮಾತ್ರ ಇವೆ.

ಮೊನ್ನೆ ಏರಿಯ ಮೇಲೆ ತಮ್ಮನ ಒತ್ತಾಯಕ್ಕೆ ಒಂದು ಪಂದ್ಯ ಆಡಿದೆ. ರಿವಾಲ್ವರು ಸಿಕ್ಕಿತು. ಎದುರಿಗೆ ಒಬ್ಬ ಮನೆಯ ಬಾಗಿಲಲ್ಲಿ ಕಾಣಿಸಿಕೊಂಡ. ಅವನ ಹಿಂದೆ ಏನಿದೆಯೆಂದು ನೋಡುತ್ತ ಒಂದು ಗಳಿಗೆ ನಿಂತೆ. ಅಷ್ಟರಲ್ಲಿ ನನ್ನ ಮೈಯಿಂದ ಹಸಿರು ಚಿಮ್ಮಿತು. "ಏನಾಯ್ತೋ ಅಣ್ಣ ನಿಂಗೆ?" ಎಂದು ತಮ್ಮ ರೇಗಿದ. ಬಿರುದು ಈಗ ಅವನ ಪಾಲಿಗೆ ಹೋಗಿದೆ.

ಪಿ.ಎಸ್.ಐ. ಹುದ್ದೆಗೆ ಕರೆದಾಗ ಅರ್ಜಿ ಹಾಕುವುದು ಹಾಕುವುದೇ. ಅಪ್ಪ ಊರಿಗೆಲ್ಲ ಹೇಳಿಯಾಗಿದೆ. ಬೇಡವೆಂದು ಪೊಲೀಸ್ ಮಾವನೂ ಹೇಳಲಿಲ್ಲ. ಕಾಲೇಜಿನಿಂದ ಬಂದು ಬಸ್ಸಿಳಿದ ಮೇಲೆ ಅವರ ಮನೆಯ ಕಡೆ ಹೋಗಿ ದಿನಕ್ಕೊಂದು ಸಲ ಚೊಂಬು ಹಿಡಿಯುತ್ತೇನೆ. ಅವರು ಅಡಿಕೆ ಸುಲಿಯುತ್ತ ಎಣಿಸುತ್ತಾರೆ. ನಿನ್ನೆ ನಲವತ್ತೆರಡಕ್ಕೆ ತುಳುಕಿತು. ಜಗಲಿಯನ್ನೆಲ್ಲ ಒದ್ದೆ ಮಾಡುತ್ತೀರೆಂದು ಅತ್ತೆ ಒಳಗಿನಿಂದ ಇಬ್ಬರನ್ನೂ ಬೈದರು.